‘ಏನೂ ಇಲ್ಲ’ದ ಊರು ತೋರಿಸಿದ ಮೆನ್ನಾನಾ

ಇನ್ನೂ ಸೂರ್ಯ ಮೂಡಿಲ್ಲ. ಕಡಲಿಂದ ಎದ್ದು ಬಂದ ಮಂಜಿನೊಳಗೆ ಲರಾಶ್ ಊರು ಮುಸುಕೆಳೆದು ಮಲಗಿದೆ. ಹಳೇಪೇಟೆಯ ಪುಟ್ಟ ಹೋಟೆಲಿನ ಮಾಳಿಗೆ ಮೇಲೆ ಮೆನ್ನಾನಾ ಒದ್ದೆ ಬೆಡ್‌ಶೀಟುಗಳನ್ನು ಕೊಡವಿ ಕೊಡವಿ ಹಗ್ಗಕ್ಕೆ ಹರವುತ್ತಿದ್ದಾರೆ. ಮಂಜು ಯಾವುದು, ಬಟ್ಟೆ ಯಾವುದು ಎಂದು ತಿಳಿಯದ ಆ ಬಿಳುಪಿನಲ್ಲಿ ಅವರು ಸೊಂಟಕ್ಕೆ ಸುತ್ತಿದ ಕೆಂಪು ಪಟ್ಟೆಯ ವಸ್ತ್ರವೊಂದೇ ಅತ್ತಿತ್ತ ಸುಳಿಯುತ್ತದೆ.

ಈ ಮಂಜಲ್ಲಿ ಬಟ್ಟೆ ಒಣಗುತ್ತದೆಯೇ ಎಂದರೆ ನಗುತ್ತಾರೆ. “ಬಿಸಿಲು ಬರತ್ತೆ. ಬರದೆ ಎಲ್ಲಿಗೆ ಹೋಗತ್ತೆ?”

ಬೆಟ್ಟದ ಹಳ್ಳಿಯಿಂದ ಮದುವೆಯಾಗಿ ಬಂದವರು. ಗಂಡ ಸಾರ್ಡಿನ್ ಮೀನು ಹಿಡಿಯುವ ದೋಣಿಯಲ್ಲಿದ್ದರು. ಅವರ ಸೊಂಟ ಬಿದ್ದುಹೋದ ಮೇಲೆ ಮೆನ್ನಾನಾ ಈ ಕೆಲಸ ಹಿಡಿದು ಇಪ್ಪತ್ತು ವರ್ಷ ದಾಟಿದೆ. ಒಂಬತ್ತು ಕೋಣೆ, ಕಡಿದಾದ ಮೆಟ್ಟಿಲು, ಕೈಯಲ್ಲಿ ಬಕೆಟ್ಟು. ಪ್ರವಾಸಿಗರೆಲ್ಲ ತಾಂಜಿಯರ್, ರಬಾತಿನಂಥ ದೊಡ್ಡ ಊರುಗಳಿಗೆ ಹೋಗುವವರು; ಬಸ್ಸು ತಪ್ಪಿದವರಷ್ಟೇ ಇಲ್ಲಿ ಒಂದು ರಾತ್ರಿ ತಂಗುತ್ತಾರೆ. ನೋಡುವುದಕ್ಕೆ ಏನಿದೆ ಎಂದು ಕೇಳಿದವರಿಗೆಲ್ಲ ಮೆನ್ನಾನಾ ಕೊಡುತ್ತಿದ್ದ ಉತ್ತರ ಒಂದೇ: “ಏನೂ ಇಲ್ಲ. ಬಸ್ಸು ಹತ್ತಕ್ಕಿದೆ.”

ಹೋದ ವಸಂತದಲ್ಲಿ ಟ್ಯುನೀಷಿಯಾದ ಬಿಝರ್ತ್ ಊರಿನ ನಿವೃತ್ತ ಶಿಕ್ಷಕಿ ಝಕಿಯಾ ಬಂದಿಳಿದರು. ಅವರಿಗೂ ಅದೇ ಉತ್ತರ ಸಿಕ್ಕಿತು. ಆಕೆ ಮಾತ್ರ ಚೀಲ ಎತ್ತಿಕೊಳ್ಳಲಿಲ್ಲ.

“ನಮ್ಮೂರೂ ಕಡಲ ತಡೀಲೇ ಇದೆ ತಂಗಿ. ನಾವೂ ಬಂದವರಿಗೆ ಹೀಗೇ ಹೇಳ್ತೀವಿ. ಬಾ, ಆ ಏನೂ ಇಲ್ಲದ್ದನ್ನೇ ತೋರಿಸು.”

“ನಾನಾ? ಕೋಣೆಗಳೆಲ್ಲ ಹಾಗೇ ಬಿದ್ದಿವೆ, ಲಲ್ಲಾ.” ಹೆಂಗಸರನ್ನು ಅಲ್ಲಿ ಗೌರವದಿಂದ ಕರೆಯುವುದು ಹಾಗೆ.

ಮಾಲೀಕ ತುಹಾಮಿ ಕೆಳಗಿನಿಂದಲೇ ಗದರಿದರು. “ಹೋಗೋದಾದ್ರೆ ಹೋಗು. ನಾಳೆಯಿಂದ ಬರಬೇಡ!”

ಗಂಡನ ಔಷಧಿ ನಡೆಯುವುದೇ ಈ ಕೆಲಸದಿಂದ. ಆದರೂ ಮೆನ್ನಾನಾ ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಟೇಬಿಟ್ಟರು. “ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ‘ಜೊತೆಗೆ ಬಾ’ ಅಂತ ಕರೆದಿರಲಿಲ್ಲ.”

ಲುಕ್ಕೋಸ್ ನದಿ ಕಡಲು ಸೇರುವಲ್ಲಿ ದೋಣಿಯವ ಬೂಸಲ್ಹಾಮ್ ಹುಬ್ಬೇರಿಸಿದ. “ಏನಕ್ಕಾ, ನೀನೂ ಟೂರಿಸ್ಟ್ ಆಗ್ಬಿಟ್ಯಾ? ಫೋಟೋ ತೆಗೀಲಾ?”

“ಹುಟ್ಟು ಹಾಕೋ, ಬಾಯಿ ಮುಚ್ಕೊಂಡು!”

ನಡುನೀರಿನಲ್ಲಿ ಎರಡೂ ದಡ ಕಾಣಲಿಲ್ಲ. ಹುಟ್ಟಿನ ಸದ್ದು, ಎಲ್ಲೋ ಕೂಗುವ ಕಡಲಹಕ್ಕಿ, ಅಷ್ಟೇ. ನಿದ್ದೆಯಲ್ಲಿ ತೇಲಿದ ಹಾಗಿತ್ತು ಎನ್ನುತ್ತಾರೆ ಮೆನ್ನಾನಾ. ಆಚೆಯ ಮರಳಿಗೆ ಕಾಲಿಟ್ಟು ಹಿಂದಿರುಗಿ ನೋಡಿದಾಗ ಮಂಜು ಸೀಳಿಕೊಂಡಿತ್ತು. ನೀಲಿ ಬಿಳಿ ಮನೆಗಳು ಒಂದರ ಹೆಗಲ ಮೇಲೊಂದು ಹತ್ತಿ ಕೂತಿದ್ದವು. ಎಲ್ಲಕ್ಕೂ ಮೇಲೆ ಏನೋ ಬೆಳ್ಳಗೆ ಬಡಿದಾಡುತ್ತಿತ್ತು.

“ಅದೇನು, ಹಾಯಿಯಾ?” ಝಕಿಯಾ ಕೇಳಿದರು.

“ಅಲ್ಲ ಲಲ್ಲಾ, ನನ್ನ ಬೆಡ್‌ಶೀಟು!” ಎಂದ ಮೆನ್ನಾನಾಗೆ ನಗು ಬಂತು; ನಗುನಗುತ್ತಲೇ ಕಣ್ಣು ತುಂಬಿತು. ಇಬ್ಬರೂ ಮರಳಲ್ಲೇ ಕೂತು ರೊಟ್ಟಿ, ಆಲಿವ್ ತಿಂದರು. ಎದ್ದು ಹೋಗುವ ಮನಸ್ಸು ಇಬ್ಬರಿಗೂ ಇರಲಿಲ್ಲ.

ಸಂಜೆ ಅಳುಕುತ್ತಲೇ ಹೋಟೆಲಿಗೆ ಬಂದರೆ ತುಹಾಮಿ ಬೆವರಿ ಮೆಟ್ಟಿಲ ಮೇಲೆ ಕುಸಿದಿದ್ದರು. ಮೂರು ಕೋಣೆ ಮುಗಿಸುವಷ್ಟರಲ್ಲಿ ಅವರಿಗೆ ಸಾಕುಸಾಕಾಗಿತ್ತು. “ಆ ಬೆಡ್‌ಶೀಟು ಒಂದು ಮೂಲೆ ಸಿಕ್ಕಿಸಿದ್ರೆ ಇನ್ನೊಂದು ಬಿಚ್ಕೊಳ್ಳತ್ತೆ, ಹಾಳಾದ್ದು” ಎಂದು ಗೊಣಗಿ, ಮುಖ ಆಚೆ ತಿರುಗಿಸಿಕೊಂಡೇ ಹೇಳಿದರು: “ನಾಳೆ ಬೇಗ ಬಾ.”

ಈಗ ಶುಕ್ರವಾರ ಮಧ್ಯಾಹ್ನ ಮೆನ್ನಾನಾಗೆ ಬಿಡುವು. ಬಸ್ಸು ತಪ್ಪಿದವರು ಯಾರಾದರೂ ಇದ್ದರೆ ನದಿ ದಾಟಿಸಿ, ಊರಿನ ಕಡೆ ಮುಖ ಮಾಡಿ ಕೂರಿಸುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಹೇಳುತ್ತಾರೆ: “ಕಡಲ ಕಡೆಯ ಕೋಣೇಲಿ ಒಂದು ರಾತ್ರಿ ಮಲಗಬೇಕು. ಬೆಳಿಗ್ಗೆ ಹಾಸಿಗೆ ಸರಿ ಮಾಡದೆ ಹಾಗೇ ಎದ್ದು ಬರಬೇಕು.” ಆಮೇಲೆ ತಮ್ಮ ಕೈಗಳನ್ನೇ ನೋಡಿಕೊಂಡು ನಗುತ್ತಾರೆ. “ಆದ್ರೆ ಇವು ಸುಮ್ನಿರಲ್ಲ.”