ರತ್ನಮಾಲಾ ಕಾಕುವಿನ ಬಾತುಮರಿಗಳು

ರಾಮತೀರ್ಥ ನಗರದಲ್ಲಿ ನಮ್ಮ ಪಕ್ಕದ ಮನೆಯ ರತ್ನಮಾಲಾ ಕಾಕು ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಕಾಣದ ಜೀವ ಉಳಿದೀತೆಂದು ಅದನ್ನೂ ಮೆಲ್ಲಗೆ ನೀರಿನಲ್ಲಿ ಜಾಲಿಸುವ ಜೈನ ಹೆಂಗಸು. ಖಾನಾಪುರದ ಸಂತೆಯಲ್ಲಿ ಬಾಳವ್ವ ಎಂಬಾಕೆ ಆರು ಬಾತುಮರಿ ಮಾರುತ್ತಿದ್ದಳು. ದೊಡ್ಡವಾದರೆ ಇವು ಯಾರದೋ ಸಾರಿನ ಪಾಲಾಗುತ್ತವೆಂದು ಕಾಕು ಅಷ್ಟನ್ನೂ ಕೊಂಡು ತಂದರು. ಜೀವ ಉಳಿಸಿದ ಪುಣ್ಯ ಅವರಿಗೆ ಬಂತು, ನಾತ ನಮಗೆಲ್ಲ ಬಂತು.

ಮರಿ ಸಾಕುವುದೆಂದರೆ ಅಂಗೈಯಲ್ಲಿಟ್ಟು ಮುದ್ದಾಡುವುದು ಎಂದುಕೊಂಡಿದ್ದೆ ನಾನು. ನಾಲ್ಕೇ ದಿನಕ್ಕೆ ಬುದ್ಧಿ ಬಂತು. ಅವರ ಬಚ್ಚಲುಮನೆ ಮರಿಗಳದಾಯಿತು. ಇಟ್ಟ ನೀರನ್ನೆಲ್ಲ ಚೆಲ್ಲಿ, ಅನ್ನ ತುಳಿದು, ಅದರ ಮೇಲೇ ಹಿಕ್ಕೆ ಹಾಕಿ, ಮತ್ತೆ ಅದರಲ್ಲೇ ಕೊಕ್ಕಾಡಿಸುತ್ತಿದ್ದವು. ಕಾಕು ದಿನಕ್ಕೆ ಐದು ಸಲ ತೊಳೆಯುತ್ತಿದ್ದರು. ಅವರ ಯಜಮಾನರಾದ ನೇಮಿನಾಥ ಕಾಕಾ ಟಾವೆಲ್ ಹೆಗಲಿಗೆ ಹಾಕಿಕೊಂಡು ನಮ್ಮ ಮನೆಗೆ ಸ್ನಾನಕ್ಕೆ ಬರತೊಡಗಿದರು. ಮಳೆಗೆ ಹಿತ್ತಲಲ್ಲಿ ಎರೆಹುಳು ಮೇಲೆದ್ದಾಗ, ಮರಿಗಳು ತಿಂದಾವೆಂದು ಹೆದರಿ ಕಾಕು ನೆಲಕ್ಕೆಲ್ಲ ಪ್ಲಾಸ್ಟಿಕ್ ತಾಡಪತ್ರಿ ಹಾಸಿ ಕಲ್ಲು ಹೇರಿದರು. ಬಾತುಗಳಿಗೂ ವ್ರತ ಹಿಡಿಸಿದಿರಾ ಎಂದು ನಾನು ನಕ್ಕಿದ್ದೆ. ನಕ್ಕದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಹನ್ನೆರಡನೆಯ ದಿನ ಬೆಳಿಗ್ಗೆ ಒಂದು ಮರಿ ಸತ್ತಿತ್ತು. ಇನ್ನೊಂದು ಕಾಲು ಚೆಲ್ಲಿ ಬಿದ್ದು, ಏಳಲು ಹೋಗಿ ಎದೆಯ ಮೇಲೇ ಕುಸಿಯುತ್ತಿತ್ತು. ಕಾಕು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ನನ್ನ ಸ್ಕೂಟಿಯ ಹಿಂದೆ ಕುಳಿತರು. ಖಾನಾಪುರದವರೆಗೂ ಬುಟ್ಟಿಗೇ ಕಿವಿ. ಒಳಗಿನ ಸದ್ದು ನಿಂತಾಗೆಲ್ಲ ಗಾಡಿ ನಿಲ್ಲಿಸಲು ಹೇಳಿ, ಮುಚ್ಚಳ ಎತ್ತಿ ನೋಡುತ್ತಿದ್ದರು.

ಬಾಳವ್ವ ಮರಿಯ ಕಾಲು ಒತ್ತಿ ನೋಡಿ, ಏನು ತಿನ್ನಿಸಿದಿರಿ ಎಂದು ಕೇಳಿದಳು. ಮೆತ್ತಗಿನ ಅನ್ನ, ನೆನೆಸಿದ ಚುರುಮುರಿ ಎಂದರು ಕಾಕು.

“ಬರೇ ಅನ್ನದ ಮ್ಯಾಲ ಇವು ಬದುಕೂದಿಲ್ರಿ ಅಕ್ಕಾರ. ಹುಳಾ ತಿಂದ್ರ ಕಾಲು ಗಟ್ಟಿ ಆಕ್ಕಾವ. ಇಲ್ಲಂದ್ರ ಇದೂ ಹೋಕ್ಕೈತಿ,” ಎಂದಳು ಬಾಳವ್ವ.

ಬೇಕಾದರೆ ಎಲ್ಲವನ್ನೂ ನನಗೇ ಕೊಡಿ, ಸಾಕಿಕೊಳ್ಳುತ್ತೇನೆ ಎಂದೂ ಹೇಳಿದಳು. ಸಾಕಿ ಏನು ಮಾಡುತ್ತಾಳೆಂದು ಮೂವರಿಗೂ ಗೊತ್ತಿತ್ತು. ಕಾಕು ಬುಟ್ಟಿ ಎತ್ತಿಕೊಂಡರು.

ಮನೆಯಲ್ಲಿ ಕಾಕಾ ಸಮಾಧಾನ ಹೇಳಿದರು: ಹುಳು ಹುಡುಕಿ ತಿನ್ನುವುದು ಮರಿ, ನೀನೇನು ಬಾಯಿಗಿಡುವುದಿಲ್ಲವಲ್ಲ. ಕಾಕು ಹಿತ್ತಲಿಗೆ ಹೋಗಿ ತಾಡಪತ್ರಿಯ ಮೇಲಿನ ಕಲ್ಲುಗಳನ್ನು ಒಂದೊಂದಾಗಿ ಸರಿಸಿದರು. ನಾಲ್ಕು ಮರಿಗಳು ಕೆಸರಿಗೆ ಓಡಿದವು. ಓಡಲಾರದ್ದನ್ನು ಕಾಕು ಬೊಗಸೆಯಲ್ಲಿ ತಂದು, ಎದೆಗೆ ಆಸರೆ ಕೊಟ್ಟು ಹಸಿ ಮಣ್ಣಿನ ಮೇಲೆ ಹಿಡಿದರು. ಅದು ಕೊಕ್ಕು ಊರಿತು. ಹುಳುವೊಂದು ಕೊಕ್ಕಿನ ತುದಿಯಲ್ಲಿ ಹೊರಳಾಡಿತು. ನಾನು ಮುಖ ತಿರುಗಿಸಿದೆ, ಕಾಕು ತಿರುಗಿಸಲಿಲ್ಲ.

“ಕಲ್ಲ ಸರಿಸಿದಾಕಿ ನಾ. ಇದರ ಪಾಪಾನೂ ನಂದ,” ಎಂದರು.

ಅಂದಿನಿಂದ ಅವರು ಪ್ರಾಯಶ್ಚಿತ್ತವೆಂದು ಒಪ್ಪತ್ತೇ ಉಂಡರು. ಐದನೆಯ ದಿನ ಆ ಮರಿ ತಾನೇ ಎದ್ದು, ಓಲಾಡುತ್ತ ಹಿತ್ತಲಿಗೆ ನಡೆದು ಹುಳು ಹೆಕ್ಕಿತು. ಕಾಕು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಹುಳು ಸಾಯುವಾಗ ನಕ್ಕೆನಲ್ಲ ಎಂದು ಆ ದಿನ ಆ ಒಪ್ಪತ್ತನ್ನೂ ಉಣ್ಣಲಿಲ್ಲ.