ಬಿರುಕಿನ ಮೇಲಿನ ಮೊಹರು

ವಾಲ್‌ಬ್ರೂನ್ ಹಳ್ಳಿಗೆ ಬಂದ ಹೊಸಬರು ಯಾರಾದರೂ ತಲೆಯೆತ್ತಿ ಕುರಿಕೊಟ್ಟಿಗೆಯ ಸೂರು ನೋಡಿದರೆ ಸಾಕು, ಝೆಲಿ ಬುಯಿಸೂ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಮೂವತ್ತು ವರ್ಷದಿಂದ ಕಾಗದ ತರುತ್ತಿದ್ದ ಅಂಚೆಯವನನ್ನೂ ಹೊಸಿಲು ದಾಟಲು ಬಿಟ್ಟವಳಲ್ಲ. ಪಾದ್ರಿಯ ಮೇಲಂತೂ ಹದ್ದಿನ ಕಣ್ಣು.

ಅವಳನ್ನೇ ಬೈದು ಏನು ಫಲ, ಅದು ಮನೆತನದ ರೋಗ. ಅವಳ ಕುರಿಕೊಟ್ಟಿಗೆ ಎಂಟುನೂರು ವರ್ಷದ ಹಿಂದೆ ಯಾತ್ರಿಕರಿಗಾಗಿ ಕಟ್ಟಿದ ಪುಟ್ಟ ಇಗರ್ಜಿ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸರಕಾರ ಇಗರ್ಜಿಗಳ ಆಸ್ತಿಯನ್ನೆಲ್ಲ ಹರಾಜಿಗಿಟ್ಟಾಗ ಅವಳ ಮುತ್ತಜ್ಜನ ಅಪ್ಪ ಕೊಂಡುಕೊಂಡ. ಕೊಂಡ ದಿನದಿಂದ ಆ ಮನೆಗೆ ನೆಮ್ಮದಿಯಿಲ್ಲ. ಪಾದ್ರಿಗಳು ವಾಪಸು ಕೇಳಿಯಾರು, ಅರಸ ಮರಳಿ ಬಂದರೆ ಅರಸ ಕೇಳಿಯಾನು, ಅರಸ ಹೋದರೆ ಸರಕಾರ ಕೇಳೀತು. ನೂರರವತ್ತು ವರ್ಷದಲ್ಲಿ ಯಾರೂ ಕೇಳಲಿಲ್ಲ; ಅದೇ ಅವರಿಗೆ ಎಲ್ಲಕ್ಕಿಂತ ದೊಡ್ಡ ಅನುಮಾನ. ಗೋಡೆಯ ಮೇಲಿದ್ದ ಸಂತರ ಚಿತ್ರಗಳಿಗೆ ತಾತ ಸುಣ್ಣ ಬಳಿದ. ಕಂಬಗಳ ಮೇಲಿನ ಕೆತ್ತನೆ ಕಾಣದಂತೆ ಅಪ್ಪ ಹುಲ್ಲು ಒಟ್ಟಿದ. ಝೆಲಿಗೆ ಗಂಡು ಹುಡುಕುವಾಗಲೂ ಹಿಂದೆ ಮುಂದೆ ಯಾರೂ ಇಲ್ಲದ ಫಿರ್ಮಿನ್‌ನನ್ನೇ ಆರಿಸಿ ಮನೆಯಳಿಯನನ್ನಾಗಿ ತಂದರು. ಸಾಧು ಮನುಷ್ಯ. ಕುರಿಗಳು ಈಯುವ ಕಾಲ ಬಂದರೆ ಹಗಲೂ ರಾತ್ರಿಯೂ ಕೊಟ್ಟಿಗೆಯಲ್ಲೇ, ಉತ್ತರದ ಗೋಡೆಯ ಬುಡದಲ್ಲಿ ಹುಲ್ಲು ಹಾಸಿಕೊಂಡು ಬಿದ್ದಿರುತ್ತಿದ್ದ.

ಸಾವಿರದ ಒಂಬೈನೂರ ಐವತ್ತೆಂಟರ ನವೆಂಬರಿನಲ್ಲಿ, ಝೆಲಿ ಸಂತೆಗೆ ಹೋಗಿದ್ದ ದಿನವೇ ನೋಡಿ, ಹಳೆಯ ಕಟ್ಟಡಗಳ ಉಸ್ತುವಾರಿಯ ಸರಕಾರಿ ಇಂಜಿನಿಯರ್ ಹುಡುಗ ತೆಸಾಂದ್ಯೆ ಮೋಟಾರ್ ಸೈಕಲ್ ಮೇಲೆ ಬಂದ. ಫಿರ್ಮಿನ್ ಒಳಗೆ ಬಿಟ್ಟುಬಿಟ್ಟ. ಝೆಲಿ ಮರಳುವಷ್ಟರಲ್ಲಿ ಉತ್ತರದ ಗೋಡೆಯ ಬಿರುಕಿಗೆ ಅಡ್ಡಲಾಗಿ ಬಿಳಿ ಗಾರೆಯ ಪಟ್ಟಿಯೊಂದನ್ನು ಮೆತ್ತಿಯಾಗಿತ್ತು. ಆ ಹುಡುಗ ಹಸಿ ಗಾರೆಯ ಮೇಲೆ ಮೊಳೆಯಿಂದ ತಾರೀಕು ಗೀಚಿ ಸಹಿ ಹಾಕುತ್ತಿದ್ದ.

"ಏನ್ ಸ್ವಾಮಿ ಇದು?"

"ಗೋಡೆ ಹೊರಗಡೆ ವಾಲ್ತಿದೆಯಾ ನೋಡೋಕಮ್ಮ. ವಾಲ್ತಿದ್ರೆ ಪಟ್ಟಿ ಒಡೆಯುತ್ತೆ. ಈಸ್ಟರ್ ಹೊತ್ತಿಗೆ ಬಂದು ನೋಡ್ತೀನಿ. ಅಲ್ಲೀವರೆಗೂ ಯಾರೂ ಮುಟ್ಟಬೇಡಿ."

"ನೋಡೋಕೆ ಕಣ್ಣು ಸಾಲ್ದಾ? ತಾರೀಕು ಯಾಕೆ, ಸಹಿ ಯಾಕೆ?"

"ಯಾವತ್ತು ಹಚ್ಚಿದ್ದು ಅಂತ ಗೊತ್ತಾಗ್ಬೇಕಲ್ಲಮ್ಮ."

ಅವನು ಗೇಟು ದಾಟಿದನೋ ಇಲ್ಲವೋ, ಝೆಲಿ ಗಂಡನ ಮೇಲೆ ಹರಿಹಾಯ್ದಳು. "ಒಂದು ಲೋಟ ವೈನ್ ಕೊಟ್ಟು ಕೊಟ್ಟಿಗೇನೇ ಬರ್ಕೊಟ್ಟೆಯಾ? ಮನೆಯಳಿಯನಿಗೆ ಏನು ಗೊತ್ತು ಗೋಡೆ ಸಂಕಟ!"

"ಒಂದಲ್ಲ, ಎರಡು ಲೋಟ," ಎಂದ ಫಿರ್ಮಿನ್. "ಒಳ್ಳೇ ಹುಡುಗ ಕಣೆ."

ಅವಳಿಗೆ ಅದು ಮೊಹರು, ಅಷ್ಟೇ. ಚಿಕ್ಕವಳಿದ್ದಾಗ ನೋಡಿದ್ದಳಲ್ಲ: ಸೋದರತ್ತೆ ಸತ್ತ ದಿನ ಕೋರ್ಟಿನವನು ಬಂದು, ಆಸ್ತಿಯ ಲೆಕ್ಕವಾಗುವವರೆಗೆ ಯಾರೂ ಒಳಹೋಗದಂತೆ ಬಾಗಿಲಿಗೆ ಅರಗಿನ ಮೊಹರು ಒತ್ತಿ, ಹೀಗೆಯೇ ತಾರೀಕು ಬರೆದು ಸಹಿ ಹಾಕಿದ್ದ. ಒಳಗೆ ಬೆಕ್ಕು ಕೂಗುತ್ತಿದೆಯೆಂದು ಅದನ್ನು ಒಡೆದ ಪಕ್ಕದ ಮನೆಯವನು ಹದಿನೈದು ದಿನ ಜೈಲಿನಲ್ಲಿದ್ದು ಬಂದ. ಬೆಕ್ಕಿಗಾಗಿ!

ಜನವರಿಯಲ್ಲಿ ಒಂದು ಬೆಳಿಗ್ಗೆ ನೋಡುತ್ತಾಳೆ, ಪಟ್ಟಿ ನಟ್ಟನಡುವೆ ಸೀಳಿದೆ.

"ನಾನಂತೂ ಮುಟ್ಟಿಲ್ಲಪ್ಪ," ಎಂದ ಫಿರ್ಮಿನ್. "ಗೋಡೆ ವಾಲಿರ್ಬೇಕು. ಆ ಹುಡುಗ ಹೇಳಿದ್ನಲ್ಲ."

"ಅಯ್ಯೋ ಪೆದ್ದೇ! ತಾನಾಗಿ ಒಡೆಯೋ ಹಾಗೇ ಮೆತ್ತಿ ಹೋಗಿದ್ದಾರೆ. ನಾಳೆ ಬಂದು ನೀವೇ ಒಡೆದ್ರಿ ಅಂತ ಕೊಟ್ಟಿಗೆ ಕಿತ್ಕೊಳ್ಳೋಕೆ!"

ಅವಳು ಪಟ್ಟಿಯನ್ನು ಕೆರೆದು ತೆಗೆದು, ಹೊಸ ಗಾರೆ ಕಲಸಿ ಮೆತ್ತಿದಳು. ಅದೇ ತಾರೀಕು ಗೀಚಿ, ಆ ಹುಡುಗನ ಸಹಿಯನ್ನೂ ಬಾಲದ ಸಮೇತ ಇಳಿಸಿದಳು. ಫೆಬ್ರವರಿಯಲ್ಲಿ ಮತ್ತೆ ಸೀಳಿತು. ಮತ್ತೆ ಮೆತ್ತಿದಳು. ಮಾರ್ಚ್ ಮೊದಲ ವಾರ ಮತ್ತೊಮ್ಮೆ. ಆಗ ಅವಳ ಕಿರುಬೆರಳು ಬಿರುಕಿನೊಳಗೆ ಸಲೀಸಾಗಿ ಹೋಯಿತು. ಪಟ್ಟಿಯಷ್ಟೇ ಕಾಣುವಂತೆ ಉಳಿದ ಬಿರುಕಿಗೆ ಹುಲ್ಲು ಒಟ್ಟಿ ಮರೆಮಾಡಿದಳು. ಗಾರೆಯೇ ಕಳಪೆ ಎಂದು ಬೈದುಕೊಂಡಳು, ಆದರೆ ಬೈಗುಳದಲ್ಲಿ ಮೊದಲಿನ ಕಸುವಿರಲಿಲ್ಲ.

ಹೇಳಿದಂತೆ ಈಸ್ಟರ್ ವಾರದಲ್ಲಿ ತೆಸಾಂದ್ಯೆ ಬಂದ. ಕುರಿಗಳು ಈಯುತ್ತಿದ್ದವು, ಫಿರ್ಮಿನ್ ಅಂಗಿಯ ತೋಳು ಮಡಚಿಕೊಂಡು ಗೋಡೆಯ ಬುಡದಲ್ಲೇ ಕೂತಿದ್ದ. ಹುಡುಗ ಪಟ್ಟಿಯ ಮೇಲೆ ಬೆರಳಾಡಿಸಿದ, ಕನ್ನಡಕ ತೆಗೆದು ಮತ್ತೆ ನೋಡಿದ. ಝೆಲಿ ಅವನ ಮುಖವನ್ನೇ ದಿಟ್ಟಿಸಿದಳು.

"ಕೂದಲೆಳೆಯಷ್ಟೂ ಸೀಳಿಲ್ಲ! ಅಮ್ಮ, ನಿಮ್ಮ ಗೋಡೆ ಗಟ್ಟಿ ಇದೆ."

ಗೆದ್ದೆ ಎಂದುಕೊಂಡಳು. ಅಂಗಳದಲ್ಲಿ ಅವನು ಚೀಲದಿಂದ ಒಂದು ಕಾಗದ ತೆಗೆದು ನಕ್ಕ. "ಇದನ್ನ ಸುಮ್ನೆ ಹೊತ್ಕೊಂಡು ಬಂದೆ. ಒಡೆದಿದ್ರೆ ಇವತ್ತೇ ಕೊಟ್ಟಿಗೆ ಖಾಲಿ ಮಾಡಿಸಿ, ನಾಳೆ ಮರದ ಆಸರೆ ಕೊಡಿಸ್ತಿದ್ದೆ. ಖರ್ಚೆಲ್ಲಾ ಸರಕಾರದ್ದು."

"ಆಮೇಲೆ ಕೊಟ್ಟಿಗೆ ಯಾರದ್ದು?"

"ನಿಮ್ಮದೇ. ಇನ್ಯಾರದ್ದಾಗುತ್ತೆ?"

ಅವಳು ನಂಬಲಿಲ್ಲ. ಕಾಗದ ಕಿತ್ತುಕೊಂಡು ಓದಿದಳು, ತಿರುಗಿಸಿ ಹಿಂಬದಿಯನ್ನೂ ಓದಿದಳು. ಮಾಲೀಕರು ಎಂಬಲ್ಲಿ ಅವಳ ಹೆಸರೇ ಇತ್ತು. ಆದರೂ ನಂಬಲಿಲ್ಲ. ಹುಡುಗ ಕಾಗದ ವಾಪಸು ಚೀಲಕ್ಕೆ ಹಾಕಿ, ಗಾಡಿ ಏರಿ ಕಿಕ್ ಹೊಡೆದ.

"ಆಸರೆ ಬೇಡ ಅಂತ ಬರೀತೀನಿ. ಯಜಮಾನ್ರು ನಿಶ್ಚಿಂತೆಯಿಂದ ಅಲ್ಲೇ ಮಲಗಲಿ."

ಝೆಲಿ ಕೊಟ್ಟಿಗೆಯ ಕಡೆ ನೋಡಿದಳು. ಒಳಗೆ ಫಿರ್ಮಿನ್ ಯಾವುದೋ ಕುರಿಯನ್ನು ರಮಿಸುತ್ತಿದ್ದುದು ಕೇಳುತ್ತಿತ್ತು. ಅವಳು ಎರಡೂ ಕೈಯಲ್ಲಿ ಗಾಡಿಯ ಹಿಡಿಕೆ ಹಿಡಿದುಕೊಂಡಳು.

"ಮೂರು ಸಲ ಒಡೀತು. ಮೂರು ಸಲಾನೂ ನಾನೇ ಮೆತ್ತಿದೆ. ಆ ಸಹಿ ನಿಮ್ಮದಲ್ಲ, ನಂದು."

ಹುಡುಗ ಎಂಜಿನ್ ಆರಿಸಿದ. "ಬಿರುಕು ಎಷ್ಟು ಅಗಲ?"

ಅವಳು ಕಿರುಬೆರಳು ತೋರಿಸಿದಳು.

ಅವನು ಗಾಡಿ ಬಿಸಾಕಿ ಓಡಿದ. "ಯಜಮಾನ್ರೇ, ಆಚೆ ಬನ್ನಿ, ಆಚೆ ಬನ್ನಿ!"

"ಈಗ ಆಗಲ್ಲ ಸ್ವಾಮಿ," ಎಂದು ಒಳಗಿನಿಂದ ಫಿರ್ಮಿನ್ ಕೂಗಿದ. "ಮರಿ ಅರ್ಧ ಬಂದಿದೆ!"

ಹುಡುಗನನ್ನು ಸರಿಸಿ ಝೆಲಿಯೇ ನುಗ್ಗಿದಳು. ಆ ಗೋಡೆಯ ಬುಡಕ್ಕೆ ಹೋಗಿ ಗಂಡನ ಕೊರಳಪಟ್ಟಿಗೆ ಕೈಹಾಕಿ, ಕುರಿಯ ಸಮೇತ ಅವನನ್ನು ದರದರನೆ ಅಂಗಳಕ್ಕೆಳೆದು ತಂದಳು. "ಕೊಟ್ಟಿಗೆ ಯಾರಾದ್ರೂ ಕಿತ್ಕೊಂಡು ಹಾಳಾಗಿ ಹೋಗ್ಲಿ," ಎನ್ನುತ್ತ ಆ ಹುಡುಗನೆದುರೇ ಅಳತೊಡಗಿದಳು. ಗಂಡನ ಕೊರಳಪಟ್ಟಿಯನ್ನು ಮಾತ್ರ ಬಿಡಲಿಲ್ಲ.