ಕಾಲು ತೊಳೆದೆಯಾ ಎಂದು ಕೇಳುತ್ತಿದ್ದ ಫ್ಲಾಪಿ

ಕಳೆದ ತಿಂಗಳು ಊರಿನ ಮನೆಯಿಂದ ತಂದ ತಗಡಿನ ಡಬ್ಬಿ ತೆರೆದಾಗ ಮೊದಲು ಮೂಗಿಗೆ ಬಂದದ್ದು ಸುಣ್ಣದ ವಾಸನೆ, ಅದರ ಹಿಂದೆಯೇ ಹಳೆ ಗೋಣಿಯದು. ಒಳಗೆ ಒಂದೇ ಒಂದು ಫ್ಲಾಪಿ. ಮೇಲೆ ಸರೋಜತ್ತೆಯ ಕೈಬರಹದಲ್ಲಿ ‘ಹುಳು’ ಎಂದಷ್ಟೇ ಇತ್ತು. ಅತ್ತೆ ಹೋಗಿ ಎರಡು ವರ್ಷವಾಯಿತು. ನಾನು ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವಳು. ಕಲಿತ ಭಾಷೆಗಳು, ಪ್ರೀತಿಯಿಂದ ಬಳಸಿದ ಸಲಕರಣೆಗಳು ಒಂದೊಂದಾಗಿ ನಿಂತುಹೋಗಿವೆ. ಇನ್ನು ಮುಂದೆ ಇದಕ್ಕೆ ಬೆಂಬಲವಿಲ್ಲ ಎಂದು ಒಂದು ಸಾಲಿನ ಸೂಚನೆ ಬರುತ್ತದೆ, ಅಷ್ಟೇ. ಸೂತಕವಿಲ್ಲ, ತಿಥಿಯಿಲ್ಲ, ಜೊತೆಗೆ ಕೂತು ಅಳಲು ಒಬ್ಬರೂ ಸಿಗುವುದಿಲ್ಲ.

ರಾಯಲ್ಪಾಡಿನ ಹತ್ತಿರದ ನಮ್ಮ ಮನೆಯಲ್ಲಿ ಸರೋಜತ್ತೆ, ಅಪ್ಪನ ತಂಗಿ, ರೇಷ್ಮೆಹುಳು ಸಾಕುತ್ತಿದ್ದಳು. ಶ್ರೀನಿವಾಸಪುರದಲ್ಲಿ ಮುಚ್ಚಿಹೋದ ಟೈಪಿಂಗ್ ಶಾಲೆಯೊಂದರ ಹಳೆಯ ಕಂಪ್ಯೂಟರನ್ನು ತಂದು ಹುಳುಮನೆಯ ಮೂಲೆಯಲ್ಲಿಟ್ಟಳು. ತಂಪಾಗಿ, ಧೂಳಿಲ್ಲದೆ ಇದ್ದ ಕೋಣೆ ಅದೊಂದೇ. “ಹುಳುಗೂ ಓದು ಬರಹ ಕಲಿಸ್ತೀಯೇನೇ?” ಎಂದು ಅಪ್ಪ ಅಣಕಿಸಿದರು. ಅವಳು ಪುಸ್ತಕ ನೋಡಿಕೊಂಡೇ ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಒಂದು ಪ್ರೋಗ್ರಾಮ್ ಬರೆದಳು. ಮರಿ ಬಿಟ್ಟ ದಿನ ಹೇಳಿದರೆ, ಹುಳು ಯಾವತ್ತು ಜ್ವರಕ್ಕೆ ಕೂರುತ್ತವೆ, ಅಂದರೆ ಮೇಯುವುದು ನಿಲ್ಲಿಸಿ ಪೊರೆ ಕಳಚುತ್ತವೆ ಎಂದು ಅದು ಹೇಳುತ್ತಿತ್ತು. ಕಾಲು ತೊಳೆಯದೆ, ಹೊಸ್ತಿಲ ಸುಣ್ಣ ತುಳಿಯದೆ ಹುಳುಮನೆಗೆ ಯಾರೂ ಹೋಗುವಂತಿರಲಿಲ್ಲ. ಹುಳುವಿಗೆ ರೋಗ ಅಂಟೀತೆಂಬ ಭಯ. ಬಾಗಿಲು ಕಿರ್ರೆಂದರೆ ಸಾಕು, ಹುಳು ಮೇಯುವ ತಟ್ಟೆಗಳ ಹಿಂದಿನಿಂದ “ಕಾಲ್ ತೊಳ್ಕೊಂಡ್ಯೇನೇ ಅಮ್ಮಾಯಿ?” ಎನ್ನುತ್ತಿದ್ದಳು. ಆ ಪ್ರಶ್ನೆಯನ್ನೇ ಪ್ರೋಗ್ರಾಮಿನ ಬಾಗಿಲಲ್ಲೂ ನಿಲ್ಲಿಸಿದ್ದಳು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ. ಹೌದಾದರೆ ವೈ, ಇಲ್ಲವಾದರೆ ಎನ್. ನಾನು ತೊಳೆದಿದ್ದರೂ ವೈ, ತೊಳೆಯದಿದ್ದರೂ ವೈ. ಆ ಹಸಿರು ಅಕ್ಷರಗಳ ಮುಂದೆ ಬೇಗ ಕೂರುವ ಆಸೆ ನನಗೆ.

ಒಂದು ಸಲ ತೋಟಕ್ಕೆ ನೀರು ಕಟ್ಟಿದ ಕೆಸರುಗಾಲಲ್ಲೇ ನುಗ್ಗಿದೆ. ವಾರದೊಳಗೆ ಹುಳುಗಳಿಗೆ ಹಾಲುತೊಂಡೆ ರೋಗ ಬಂದು ಇಡೀ ಬೆಳೆ ಹೋಯಿತು. ನನ್ನ ಕಾಲಿನಿಂದಲೇ ಬಂತೆಂದು ಯಾರೂ ಹೇಳಲಾರರು. ಅಲ್ಲವೆಂದು ನಾನೂ ಹೇಳಲಾರೆ. ಅತ್ತೆ ತಟ್ಟೆ ತಟ್ಟೆಯಾಗಿ ಹುಳುಗಳನ್ನು ಗುಂಡಿಗೆ ಸುರಿದು ಸುಣ್ಣ ಚೆಲ್ಲುತ್ತಿದ್ದಳು. “ಅತ್ತೆ, ನಾನು...” ಎಂದೆ. “ಬಿಡೇ, ಸೆಖೆ ಜಾಸ್ತಿ ಆಯ್ತು” ಎಂದಳು. ನಾನು ಬಿಟ್ಟೇಬಿಟ್ಟೆ. ಆಮೇಲೆ ಎಷ್ಟೋ ಸಲ ಹೇಳಿಬಿಡಬೇಕೆಂದು ಫೋನು ಮಾಡಿ, ಮಳೆ ಬಂತಾ ಎಂದು ಕೇಳಿ ಇಟ್ಟಿದ್ದೇನೆ.

ಕಂಪ್ಯೂಟರ್ ಗುಜರಿಗೆ ಹೋಯಿತು. ಹುಳುಮನೆಯಲ್ಲಿ ಈಗ ಟೊಮೆಟೊ ಕ್ರೇಟುಗಳಿವೆ. ಕೋಲಾರದ ನನ್ನ ಬಾಡಿಗೆ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ, ಹಳೆಯ ಡ್ರೈವ್ ಜೋಡಿಸಿ, ಹಳೆಯ ಯಂತ್ರದಂತೆ ನಟಿಸುವ ತಂತ್ರಾಂಶ ಹಾಕಿ, ಫ್ಲಾಪಿ ತೂರಿಸಿದೆ. ಕರಕರ ಸದ್ದು ಮಾಡಿ ತೆರೆದುಕೊಂಡಿತು. ಅದೇ ಪ್ರಶ್ನೆ. ಒಳಗಿನ ಸಾಲುಗಳನ್ನು ಬಿಚ್ಚಿ ಓದಬಹುದಿತ್ತು, ಮನಸ್ಸಾಗಲಿಲ್ಲ. ಬೆರಳು ರೂಢಿಯಂತೆ ವೈ ಮೇಲೆ ಹೋಯಿತು. ಹಿಂದಕ್ಕೆ ತೆಗೆದೆ. ಜೀವನದಲ್ಲಿ ಮೊದಲ ಸಲ ಎನ್ ಒತ್ತಿದೆ.

“ತೊಳ್ಕೊಂಡ್ ಬಾರೇ. ಇಲ್ಲೇ ಇರ್ತೀನಿ.”

ಎದ್ದು ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡೆ. ಒದ್ದೆ ಕಾಲಲ್ಲಿ ಬಂದು ನೋಡಿದರೆ ತೆರೆಯ ಮೇಲೆ ಆ ಸಾಲು ಹಾಗೆಯೇ ಇತ್ತು. ಅತ್ತೆ ಇರಲಿಲ್ಲ.